ಸ್ಟುಡಿಯೋ ಕೆಲಸದ ಅವಲೋಕನ ಬರೆಯುವುದು ಹೇಗೆ? (ವಿನ್ಯಾಸ ಪದವಿ, ಮೊದಲ ವರ್ಷ)

ಪ್ರಶ್ನೆ (ಫೌಂಡೇಶನ್ ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ವಿನ್ಯಾಸ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ನಮಗೆ ಮೂರು ಸ್ಟುಡಿಯೋ ಕೆಲಸಗಳಿದ್ದವು. ಅಂಟು ಬಳಸದೆ ದಪ್ಪ ಕಾಗದವನ್ನು ಮಡಿಸಿಯೇ ಒಂದು ಇಟ್ಟಿಗೆಯ ಭಾರ ಹೊರುವ ರಚನೆ ಮಾಡುವುದು ಮೊದಲನೆಯದು. ಜೇಡಿಮಣ್ಣಿನಲ್ಲಿ ಕೈಗೆ ಹೊಂದುವ ಪಾತ್ರೆ ಮಾಡುವುದು ಎರಡನೆಯದು. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರ ಬಳಿ ಮರದ ಕಡೆತದ ಕೆಲಸ ನೋಡಿ ಕಲಿತು, ಗುಂಪಾಗಿ ಒಂದು ಆಟಿಕೆಯನ್ನು ರೂಪಿಸುವುದು ಮೂರನೆಯದು. ಜ್ಯೂರಿಗೆ (ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳುವ ಮೌಲ್ಯಮಾಪನಕ್ಕೆ) ಮೊದಲು ಪ್ರತಿಯೊಂದಕ್ಕೂ ಪ್ರೋಸೆಸ್ ಬುಕ್ಕಿನ (ಕೆಲಸದ ಹಂತಗಳನ್ನು ದಾಖಲಿಸುವ ಪುಸ್ತಕದ) ಜೊತೆ ಎರಡು ಪುಟಗಳ ಅವಲೋಕನವನ್ನು ಒಪ್ಪಿಸಬೇಕು.

ನನ್ನ ಕರಡನ್ನು ಓದಿದ ಅಧ್ಯಾಪಕರು, "ನೀವು ಏನು ಮಾಡಿದಿರಿ ಎಂಬುದು ಇದರಲ್ಲಿದೆ, ನಿಮಗೆ ಹೇಗನ್ನಿಸಿತು ಎಂಬುದೂ ಇದೆ, ಅವಲೋಕನ ಮಾತ್ರ ಇಲ್ಲ" ಎಂದರು. ಮಾಡಿದ್ದನ್ನೂ ಅನ್ನಿಸಿದ್ದನ್ನೂ ಬಿಟ್ಟರೆ ಬರೆಯಲು ಉಳಿಯುವುದೇನು ಎಂಬುದು ನನಗೆ ತಿಳಿಯುತ್ತಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ, ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಕಾಗದಕ್ಕೂ ಮಣ್ಣಿಗೂ ಒಂದೇ ಬಗೆಯ ವಾಕ್ಯಗಳು ಬರುತ್ತವೆ ಎಂಬ ತೊಂದರೆಯೂ ಇದೆ.

ಉತ್ತರ 1 (ಉತ್ಪನ್ನ ವಿನ್ಯಾಸ ಬೋಧಕ):

ನಿಮ್ಮ ಅಧ್ಯಾಪಕರ ಆಕ್ಷೇಪ ಸರಿಯಾದದ್ದೇ, ಆದರೆ ಅವರು ಅದನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ನೀವು ಎಣಿಸಿದಂತೆ ವಸ್ತು ನಡೆದುಕೊಳ್ಳದ ಜಾಗ ಪ್ರತಿಯೊಂದು ಕೆಲಸದಲ್ಲಿಯೂ ಇರುತ್ತದೆ. ಅಲ್ಲಿ ನೀವು ಏನನ್ನು ನಿರೀಕ್ಷಿಸಿದ್ದಿರಿ, ವಸ್ತು ಏನು ಮಾಡಿತು, ಅದನ್ನು ನೋಡಿ ಮುಂದಿನ ಹೆಜ್ಜೆಯನ್ನು ಏಕೆ ಬದಲಿಸಿದಿರಿ ಎಂಬುದನ್ನು ಬರೆದರೆ ಅದೇ ಅವಲೋಕನ.

ಕಾಗದದ ಕೆಲಸವನ್ನೇ ತೆಗೆದುಕೊಳ್ಳೋಣ. "ಹಲವು ಪ್ರಯತ್ನಗಳ ನಂತರ ರಚನೆ ಗಟ್ಟಿಯಾಯಿತು, ತಾಳ್ಮೆಯ ಮಹತ್ವ ತಿಳಿಯಿತು" ಎಂಬ ವಾಕ್ಯವನ್ನು ಕಾಗದ ಮುಟ್ಟದವರೂ ಬರೆಯಬಲ್ಲರು, ಮತ್ತು ನಾನು ಪ್ರತಿ ವರ್ಷ ಓದುವ ಪುಟಗಳಲ್ಲಿ ಬಹುಪಾಲು ಇಂಥವೇ. "ಇಟ್ಟಿಗೆ ಇಟ್ಟಾಗ ಮಧ್ಯಭಾಗ ಕುಸಿಯುತ್ತದೆ ಎಂದುಕೊಂಡಿದ್ದೆ, ಆದರೆ ಮಡಿಕೆಗಳು ಗಟ್ಟಿಯಾಗಿಯೇ ನಿಂತು ತಳದ ಅಂಚುಗಳು ಹೊರಕ್ಕೆ ಜಾರಿದವು, ಆದ್ದರಿಂದ ಮಡಿಕೆಗಳನ್ನು ಹೆಚ್ಚಿಸುವುದನ್ನು ಬಿಟ್ಟು ತಳವನ್ನು ಹಿಡಿದಿಡುವ ಒಂದು ಪಟ್ಟಿಯನ್ನು ಸಿಕ್ಕಿಸಿದೆ" ಎಂದು ಬರೆದವರಿಗೆ ಭಾರ ಎಲ್ಲಿ ಇಳಿಯುತ್ತದೆ, ಯಾವ ಕಡೆಗೆ ತಳ್ಳುತ್ತದೆ ಎಂಬುದು ಅರ್ಥವಾಗಿದೆ. ಕಾಗದಕ್ಕೆ ನಾರಿನ ದಿಕ್ಕೊಂದು ಇರುತ್ತದೆ. ಆ ದಿಕ್ಕಿನಲ್ಲಿಯೇ ಮಡಿಸಿದರೆ ಮಡಿಕೆ ನೇರವಾಗಿ ಕೂರುತ್ತದೆ, ಅಡ್ಡಲಾಗಿ ಮಡಿಸಿದರೆ ದಪ್ಪ ಹಾಳೆ ಬಿರಿಯುತ್ತದೆ. ಇದು ನಿಮ್ಮ ಕೈಗೆ ತಿಳಿದಿದ್ದೂ ಪುಟಕ್ಕೆ ಬಂದಿಲ್ಲವಾದರೆ ನಷ್ಟ ನಿಮ್ಮದೇ.

ಈ ಅಭ್ಯಾಸಕ್ಕೆ ಹಳೆಯ ಬೇರುಗಳಿವೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಆರಂಭವಾದ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸ ಶಾಲೆಯ ಆರಂಭಿಕ ತರಗತಿಯಲ್ಲಿ ಬೋಧಕ ಜೋಸೆಫ್ ಆಲ್ಬರ್ಸ್ ಅವರು ವಿದ್ಯಾರ್ಥಿಗಳಿಗೆ ಕಾಗದ ಕೊಟ್ಟು, ಚೂರೂ ವ್ಯರ್ಥ ಮಾಡದೆ ಅದರಿಂದ ಏನಾದರೂ ಮಾಡಿ ಎನ್ನುತ್ತಿದ್ದರು. ಆಮೇಲೆ ಎಲ್ಲರ ಕೆಲಸವನ್ನೂ ಒಟ್ಟಿಗೆ ಇಟ್ಟು ಚರ್ಚಿಸುತ್ತಿದ್ದರು. ನಮ್ಮ ದೇಶಕ್ಕೆ ಬಂದರೆ, ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ತಂಬಿಗೆಯ ಕುರಿತ ಭಾಗವನ್ನು ದಯವಿಟ್ಟು ಓದಿ. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯ ನಂತರವೇ. ತಂಬಿಗೆಯನ್ನು ಅವರು ಮನಸಾರೆ ಹೊಗಳುತ್ತಾರೆ, ಆದರೆ ಹೊಗಳಿಕೆಗೆ ನಿಲ್ಲುವುದಿಲ್ಲ: ತುಂಬಿದಾಗ, ಬರಿದಾದಾಗ, ಬಗ್ಗಿಸಿ ಸುರಿಯುವಾಗ ತೂಕ ಹೇಗೆ ನಿಲ್ಲುತ್ತದೆ, ಅದನ್ನು ತಲೆಯ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ಬಿಸಿ ಇದ್ದರೆ ಹಿಡಿಯಬಹುದೇ, ಕಲ್ಲಿಗೆ ತಾಗಿದರೆ ಸದ್ದು ಹೇಗಿರುತ್ತದೆ ಎಂದು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾರೆ. ನಿಮ್ಮ ಮಣ್ಣಿನ ಪಾತ್ರೆಯನ್ನು ಎದುರಿಗಿಟ್ಟುಕೊಂಡು ಇವೇ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಎರಡು ಪುಟ ಸಾಲದೆ ಹೋಗಬಹುದು. ಪಾತ್ರೆ ಬಿರುಕು ಬಿಟ್ಟಿದ್ದರೆ, ತೆಳುವಾದ ಬಾಯಿ ಬೇಗ ಒಣಗಿ ಕುಗ್ಗುವಾಗ ದಪ್ಪನೆಯ ತಳ ಇನ್ನೂ ಹಸಿಯಾಗಿತ್ತೇ ಎಂಬುದನ್ನೂ ನೋಡಿ.

ಉತ್ತರ 2 (ಮೂರನೇ ವರ್ಷದ ವಿದ್ಯಾರ್ಥಿ):

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅನ್ನಿಸಿದ್ದನ್ನು ಪೂರ್ತಿ ಹೊರಗಿಡಬೇಕಿಲ್ಲ. ಯಾವ ಗಳಿಗೆಯಲ್ಲಿ ಬೇಸರ ಬಂತು ಎಂಬುದು ಎಷ್ಟೋ ಸಲ ಸಮಸ್ಯೆ ಎಲ್ಲಿತ್ತು ಎಂಬುದನ್ನು ತೋರಿಸುತ್ತದೆ. ಭಾಷೆಯ ವಿಷಯಕ್ಕೆ ಬಂದರೆ, ಕೆಲಸದ ಮೇಜಿನಲ್ಲಿಯೇ, ಕೈಯ ಮಣ್ಣು ಒರೆಸಿಕೊಂಡು, ಕನ್ನಡದಲ್ಲಿ ಒಂದೆರಡು ಸಾಲು ಗೀಚಿಡಿ. ಸಲ್ಲಿಕೆಯ ಹಿಂದಿನ ರಾತ್ರಿ ನೆನಪಿನಿಂದ ಬರೆದದ್ದೆಲ್ಲ ಒಂದೇ ಥರ ಆಗುವುದಕ್ಕೆ ಇಂಗ್ಲಿಷನ್ನು ದೂರಬೇಕಾಗಿಲ್ಲ. ಮುರಿದ ಮಾದರಿಗಳನ್ನು ಎಸೆಯದೆ ದಿನಾಂಕ ಬರೆದು ಇಟ್ಟುಕೊಳ್ಳಿ. ಜ್ಯೂರಿಯಲ್ಲಿ ಅವುಗಳ ಬಗ್ಗೆಯೇ ಹೆಚ್ಚು ಕೇಳುತ್ತಾರೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಕಾಗದ ಮತ್ತು ಮಣ್ಣಿನ ದಾರಿ ಈಗ ಕಾಣುತ್ತಿದೆ. ಚನ್ನಪಟ್ಟಣದ ಆಟಿಕೆಯ ವಿಷಯದಲ್ಲಿ ಚಿತ್ರ ಬರೆದದ್ದು ನಮ್ಮ ಗುಂಪು, ಕಡೆದದ್ದು ಬಹುಮಟ್ಟಿಗೆ ಆ ಹಿರಿಯ ಕುಶಲಕರ್ಮಿ. ಇದನ್ನು ನನ್ನ ಕಲಿಕೆ ಎಂದು ಹೇಗೆ ಬರೆಯಲಿ?

ಉತ್ತರ 3 (ಕರಕುಶಲ ವಸ್ತುಗಳ ವಿನ್ಯಾಸಕಿ):

ಚಿತ್ರಕ್ಕೂ ಆಟಿಕೆಗೂ ನಡುವೆ ಏನೇನು ಬದಲಾಯಿತು ಎಂಬುದನ್ನು ಬರೆಯಿರಿ, ನಿಮ್ಮ ಕಲಿಕೆ ಅಲ್ಲಿದೆ. ಚನ್ನಪಟ್ಟಣದಲ್ಲಿ ಸಾಂಪ್ರದಾಯಿಕವಾಗಿ ಬಳಸುವ ಆಲೆ ಮರವನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಕಡೆಯುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ, ಅಂದರೆ ಕೇದಗೆ ಜಾತಿಯ ಗಿಡದ ಗರಿಯಿಂದ, ಉಜ್ಜಿ ಹೊಳಪು ತರುತ್ತಾರೆ. ತಿರುಗುವ ದುಂಡನೆಯ ಮೈ ಇದ್ದರೆ ಮಾತ್ರ ಈ ವಿಧಾನ ನಡೆಯುತ್ತದೆ. ಮೊದಲ ವರ್ಷದವರ ಚಿತ್ರಗಳಲ್ಲಿ ಚೌಕ ಮೂಲೆಗಳೂ ಚಪ್ಪಟೆ ಮುಖಗಳೂ ಇದ್ದೇ ಇರುತ್ತವೆ. ನಿಮ್ಮ ಚಿತ್ರದಲ್ಲಿಯೂ ಇದ್ದರೆ, ಅವನ್ನು ನೋಡಿ ಆ ಹಿರಿಯರು ಏನು ಹೇಳಿದರು, ನೀವು ಯಾವುದನ್ನು ಬಿಟ್ಟಿರಿ, ಯಾವುದಕ್ಕೆ ಪಟ್ಟು ಹಿಡಿದಿರಿ, ಗುಂಪಿನಲ್ಲಿ ಆ ತೀರ್ಮಾನ ಯಾರದು ಎಂಬುದನ್ನು ಬಿಡಿಸಿ ಹೇಳಿ. "ಕತ್ತು ಇಷ್ಟು ತೆಳುವಾದರೆ ಮುರಿಯುತ್ತದೆ ಎಂದು ಅವರು ಹೇಳಿದ್ದರಿಂದ ದಪ್ಪ ಮಾಡಿದೆವು" ಎಂದು ಬರೆಯುವುದರಿಂದ ನಿಮ್ಮ ಅಂಕ ಕಡಿಮೆಯಾಗುವುದಿಲ್ಲ.

ಟಿಪ್ಪು ಸುಲ್ತಾನನಿಂದ ಹಿಡಿದು ಭೌಗೋಳಿಕ ಸೂಚಕ ಮಾನ್ಯತೆಯವರೆಗಿನ ಇತಿಹಾಸದಿಂದ ಮೊದಲ ಪುಟ ತುಂಬಿಸಬೇಡಿ. ಅದನ್ನು ನಿಮ್ಮ ಜ್ಯೂರಿ ಸದಸ್ಯರು ಈಗಾಗಲೇ ಎಷ್ಟೋ ಬಾರಿ ಓದಿರುತ್ತಾರೆ. ಆ ಹಿರಿಯರ ಹೆಸರನ್ನೂ ಚಿತ್ರವನ್ನೂ ಹಾಕುವುದಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ, ಮತ್ತು ಬರೆದು ಮುಗಿಸಿದ ಮೇಲೆ ಅವರಿಗೆ ಸಂಬಂಧಿಸಿದ ಭಾಗವನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಿ. ತಾಂತ್ರಿಕ ತಪ್ಪುಗಳಿದ್ದರೆ ಅವರೇ ತಿದ್ದುತ್ತಾರೆ.