ಸಹಾಯ ಬೇಕು: ಇಂಗ್ಲಿಷಿನ ಎರಡು ‘ವ’ಗಳು ಮಕ್ಕಳ ಬಾಯಲ್ಲಿ ಒಂದಾಗುತ್ತಿವೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಪಶುವೈದ್ಯರಿಗೆ ಹೇಳುವ ‘ವೆಟ್’ (vet), ಒದ್ದೆ ಎನ್ನುವ ‘ವೆಟ್’ (wet) ಎರಡನ್ನೂ ಮಕ್ಕಳು ಒಂದೇ ರೀತಿ ಉಚ್ಚರಿಸುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಇರುವುದು ಒಂದೇ ವಕಾರ. ನಮ್ಮ ಲಿಪಿಯಲ್ಲಿ ಬರೆದು ತೋರಿಸಲೂ ಆಗುವುದಿಲ್ಲ.

ಕನ್ನಡಿ ಕೊಟ್ಟು ಅಭ್ಯಾಸ ಮಾಡಿಸಿದೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜಿಕೊಂಡು ಬರಬೇಕು; ಎರಡನೆಯದಕ್ಕೆ ಹಲ್ಲು ತಾಗದೆ ತುಟಿ ದುಂಡಗಾಗಬೇಕು. ‘ಊ’ ಎಂದು ಶುರುಮಾಡಿ ‘ಎಟ್’ಗೆ ಜಾರುವುದನ್ನೂ ಕಲಿಸಿದೆ. ಬಿಡಿ ಪದಗಳನ್ನು ಚೆನ್ನಾಗಿ ಹೇಳುತ್ತಾರೆ. ಹೆಂಚಿನ ಮೇಲೆ ಮಳೆ ಹೊಡೆದು ಏನೂ ಕೇಳಿಸದಿದ್ದಾಗಲೂ ಹಿಂದಿನ ಬೆಂಚಿನವರ ತುಟಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ಪಾಠ ಓದಲು ಹೇಳಿದ ಕೂಡಲೇ ಹಳೆಯ ವಕಾರವೇ ಬರುತ್ತದೆ. ಕೆಲವರಂತೂ ಈಗ ‘ವಾಟರ್’, ‘ವಿಂಡೋ’ಗಳಿಗೂ ತುಟಿ ಕಚ್ಚುತ್ತಾರೆ. ಪದೇಪದೇ ತಿದ್ದಿದರೆ ಮಾತನಾಡುವುದನ್ನೇ ಬಿಡುತ್ತಾರೆ. ಅದು ಉಚ್ಚಾರಣೆಯ ತಪ್ಪಿಗಿಂತ ದೊಡ್ಡ ನಷ್ಟ.

ಅನುಭವಿ ಶಿಕ್ಷಕರು ದಯವಿಟ್ಟು ತಿಳಿಸಿ: ಬಿಡಿ ಪದದಿಂದ ವಾಕ್ಯಕ್ಕೆ ದಾಟಿಸಲು ಯಾವ ಅಭ್ಯಾಸ ನಿಮ್ಮ ತರಗತಿಯಲ್ಲಿ ಫಲ ಕೊಟ್ಟಿದೆ? ಎರಡೂ ಧ್ವನಿಗಳನ್ನು ಜೊತೆಯಾಗಿಯೇ ಕಲಿಸಬೇಕೇ, ಅಥವಾ ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನೇ?