ಮಣ್ಣು ಹೊದಿಸಿದ ಫೆರೋಸಿಮೆಂಟ್ ಮನೆ, ಮಳೆಗಾಲದಲ್ಲಿ ಒಳಗೋಡೆ ಒದ್ದೆ

ಗುಡ್ಡದಮನೆ: ಸಾಗರದ ಕಡೆ ಇಳಿಜಾರಿನಲ್ಲಿ ಎರಡು ಗುಮ್ಮಟದ ಮನೆ. ತಂತಿ ಜಾಲರಿಗೆ (ಮೆಶ್) ಸಿಮೆಂಟ್ ಗಾರೆ ಒತ್ತಿ ಮಾಡಿದ ಫೆರೋಸಿಮೆಂಟ್ ಚಿಪ್ಪು 5 ಸೆಂ.ಮೀ. ದಪ್ಪ, ಮೇಲೆ 45 ಸೆಂ.ಮೀ. ಮಣ್ಣು, ಹುಲ್ಲು. ಗುಮ್ಮಟಗಳು ಕೂಡುವ ಕಣಿವೆಯಲ್ಲಿ ಬಿಳಿ ಉಪ್ಪು, ಮಲಗುವ ಕೋಣೆಯ ಗೋಡೆಯೂ ಒದ್ದೆ. ಒಳಗೆ ಹಚ್ಚಿದ ವಾಟರ್‌ಪ್ರೂಫ್ ಪೇಂಟ್ ಉಬ್ಬಿ ಎದ್ದಿದೆ. ಇನ್ನೊಂದು ಕೋಟ್ ಹೊಡೆಸಬಹುದೇ?

ಕರಣೆ: ಬೇಡ ಸರ್. ನೀರು ಹಿಂದಿನಿಂದ ತಳ್ಳುವಾಗ ಒಳಗಿನ ಪೇಂಟ್ ನಿಲ್ಲುವುದೇ ಇಲ್ಲ. ಕಣಿವೆ, ಕೋಣೆ ಎರಡೂ ಕಡೆ ಗೋಡೆ ಒರೆಸಿ, ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಹನಿ ಹಾಳೆಯ ಹಿಂದಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಇದ್ದರೆ ಗಾಳಿಯ ಆವಿ ತಣ್ಣನೆ ಗೋಡೆಗೆ ತಾಗಿ ಹನಿಗಟ್ಟಿದ್ದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಯೂ ನೋಡಿ.

ಗುಡ್ಡದಮನೆ: ಕಣಿವೆಯಲ್ಲಿ ಹಿಂದೆ, ಕೋಣೆಯಲ್ಲಿ ಮುಂದೆ. ಕಣಿವೆಯಲ್ಲಿ ಟೊಳ್ಳು ಸದ್ದು.

ಜಾಲರಿ: ಹಾಗಾದರೆ ಇವು ಎರಡು ಬೇರೆ ಬೇರೆ ತೊಂದರೆ. ಕಣಿವೆಯಲ್ಲಿ ಎರಡೂ ಗುಮ್ಮಟದ ಮೆಶ್ ಒಂದರ ಮೇಲೊಂದು ಬಂದು ಪದರ ದಪ್ಪವಾಗುತ್ತದೆ. ಹೊರಗಿನಿಂದ ಗಾರೆ ಒತ್ತುವಾಗ ಒಳಗೊಬ್ಬರು ಹಲಗೆ ಹಿಡಿಯದಿದ್ದರೆ ಮೆಶ್ ಹಿಂದೆ ಪೊಳ್ಳು ಉಳಿಯುತ್ತದೆ, ತಂತಿ ತುಕ್ಕು ಹಿಡಿಯುವುದೂ ಅಲ್ಲೇ. ಮಳೆ ನಿಂತ ಮೇಲೆ ಮಣ್ಣು ತೆಗೆಸಿ, ಆದರೆ ಎರಡೂ ಬದಿಯಿಂದ ಸಮನಾಗಿ. ಒಂದೇ ಬದಿ ಖಾಲಿಯಾದರೆ ಚಿಪ್ಪಿನ ಮೇಲೆ ಓರೆ ಭಾರ ಬಿದ್ದು ಹೊಸ ಬಿರುಕು ಬರುತ್ತದೆ. ಟೊಳ್ಳು ಭಾಗ ಕೆತ್ತಿ, ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಲೇಟೆಕ್ಸ್ ಬೆರೆಸಿದ ಸಿಮೆಂಟ್ ಹಾಲು ಹಚ್ಚಿ. ಅದು ಒಣಗುವ ಮೊದಲೇ ಗಾರೆ ತುಂಬಿಸಿ. ತೂಕದಲ್ಲಿ ಸಿಮೆಂಟ್ 1, ಮರಳು 2; 50 ಕೆ.ಜಿ. ಚೀಲಕ್ಕೆ ನೀರು 20 ಲೀಟರ್ ಮೀರಬಾರದು. ಮರಳು 2.36 ಮಿ.ಮೀ. ಜರಡಿ ಹಿಡಿದಿರಲಿ. ಒದ್ದೆ ಗೋಣಿ ಹೊದಿಸಿ 14 ದಿನ ಕ್ಯೂರಿಂಗ್. ಆಮೇಲೆ ಹೊರಮೈಗೆ ನೀರು ತಡೆಯುವ ಹಾಳೆ (ಮೆಂಬ್ರೇನ್), ಗುಡ್ಡದ ಬದಿಯ ಬುಡದಲ್ಲಿ ನೀರು ಹರಿದುಹೋಗಲು 100 ಮಿ.ಮೀ. ವ್ಯಾಸದ, ತೂತುಗಳಿರುವ ಪೈಪ್, ಸುತ್ತ 20 ಮಿ.ಮೀ. ಜಲ್ಲಿ, ಅದಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ (ಜಿಯೋಟೆಕ್ಸ್‌ಟೈಲ್) ಸುತ್ತು. ಈ ಪೈಪ್ ಇಲ್ಲದೆ ಮೆಂಬ್ರೇನ್ ಒಂದನ್ನೇ ನಂಬಬೇಡಿ.

ಕರಣೆ: ಕೋಣೆಯ ಹನಿಗೆ ಗೋಡೆ ಬೆಚ್ಚಗಾಗಬೇಕು. ಮೆಕ್ಸಿಕೋದ ನೌಕಾಲ್ಪಾನ್‌ನಲ್ಲಿ ವಾಸ್ತುಶಿಲ್ಪಿ ಹಾವಿಯೆರ್ ಸೆನೊಸಿಯಾನ್ 1985ರ ಸುಮಾರಿಗೆ ಕಟ್ಟಿದ ಮನೆಯಲ್ಲಿ ಫೆರೋಸಿಮೆಂಟ್ ಮೇಲೆ ಶಾಖ ತಡೆಯುವ ಪಾಲಿಯುರೆಥೇನ್ ಫೋಮ್ ಸಿಂಪಡಿಸಿ, ಅದರ ಮೇಲೆ ಮಣ್ಣು ಹೊದಿಸಿದ್ದಾರೆ. ಹೇಗೂ ಮಣ್ಣು ತೆಗೆಯುತ್ತೀರಿ, ಆ ಪದರವನ್ನೂ ಈಗಲೇ ಹಾಕಿಸಿ. ಅಲ್ಲಿಯವರೆಗೆ ಕೋಣೆಗೆ ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಇಡಿ. ಜಡಿಮಳೆಯಲ್ಲಿ ಕಿಟಕಿ ತೆರೆದರೆ ತೇವ ಇನ್ನಷ್ಟು ಒಳಬರುತ್ತದೆ.

ಜಾಲರಿ: ಮಣ್ಣನ್ನು ಮತ್ತೆ ಹಾಕುವಾಗ 20–25 ಸೆಂ.ಮೀ. ಸಾಕು, ಹುಲ್ಲಿಗೆ ಅಷ್ಟೇ ಬೇಕು. ಒದ್ದೆ ಮಣ್ಣು ಘನ ಮೀಟರಿಗೆ 1,800–2,000 ಕೆ.ಜಿ.; ಈಗ ಪ್ರತಿ ಚದರ ಮೀಟರ್ ಚಿಪ್ಪು 800 ಕೆ.ಜಿ.ಗೂ ಹೆಚ್ಚು ಹೊತ್ತಿದೆ. ವಿನ್ಯಾಸ ಮಾಡಿದ ಎಂಜಿನಿಯರ್ ಎಷ್ಟು ಭಾರಕ್ಕೆ ಲೆಕ್ಕ ಹಾಕಿದ್ದರು? ಆ ಅಂಕಿ ಇಲ್ಲಿ ಹಾಕಿ.