ಕಣ್ಣಿಗೆ ಕಾಣುತ್ತಿರುವ ಅದೃಶ್ಯ ಶತ್ರುವಿನ ಮೇಲೂ ಡಿಸ್‌ಅಡ್ವಾಂಟೇಜ್ ಇದೆಯೇ? (ಡಿ ಆ್ಯಂಡ್ ಡಿ ಐದನೇ ಆವೃತ್ತಿ, 2014ರ ನಿಯಮಗಳು)

ಏಳನೇ_ಲೆವೆಲ್_ವಿಝಾರ್ಡ್:

ಎಲ್ಲರಿಗೂ ನಮಸ್ಕಾರ. ನಾವು ಐದು ಮಂದಿ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇಟ್ಟುಕೊಂಡು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಆಟ) ಆಡುತ್ತೇವೆ. ಕಳೆದ ಭಾನುವಾರ ಒಂದೇ ಒಂದು ನಿಯಮದ ಅರ್ಥಕ್ಕಾಗಿ ವಾದ ಬೆಳೆದು ಆಟ ಮುಕ್ಕಾಲು ಗಂಟೆ ನಿಂತುಹೋಯಿತು. ಎದುರಾಳಿ ಮಾಂತ್ರಿಕ ತನ್ನ ಮೇಲೆ ಗ್ರೇಟರ್ ಇನ್‌ವಿಸಿಬಿಲಿಟಿ ಎಂಬ ಅದೃಶ್ಯತೆಯ ಮಂತ್ರ ಪ್ರಯೋಗಿಸಿಕೊಂಡಿದ್ದ. ನಾನು ಕೋಟೆಯೊಳಗೆ ಕಾಲಿಡುವ ಮೊದಲೇ, ಅದೃಶ್ಯರನ್ನು ಕಾಣಿಸುವ ಸೀ ಇನ್‌ವಿಸಿಬಿಲಿಟಿ ಹಾಕಿಕೊಂಡಿದ್ದೆನಾದ್ದರಿಂದ ಅವನು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದ. ಇದನ್ನು ನಮ್ಮ ಡಿಎಂ (ಆಟ ನಡೆಸುವವರು) ಕೂಡ ಒಪ್ಪಿದರು. ಆದರೆ ನಾನು ಫೈರ್ ಬೋಲ್ಟ್ (ಬೆಂಕಿಯ ದಾಳಿ ಮಂತ್ರ) ಎಸೆಯುವಾಗ ಡಿಸ್‌ಅಡ್ವಾಂಟೇಜ್ ಇದೆ, ಅಂದರೆ ಇಪ್ಪತ್ತು ಮುಖದ ಎರಡು ದಾಳ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯಬೇಕೆಂದರು. ಬಂದದ್ದು 17 ಮತ್ತು 4. ನನ್ನ ಬೋನಸ್ 7, ಅವನ ಆರ್ಮರ್ ಕ್ಲಾಸ್ (ಏಟು ತಗಲಲು ಮುಟ್ಟಬೇಕಾದ ಅಂಕ) 15. ಹದಿನೇಳು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು, ನನ್ನ ಲೆಕ್ಕ ಮಾತ್ರ 11ಕ್ಕೆ ನಿಂತಿತು. ಕಾಣುವವನಿಗೆ ಹೊಡೆಯಲು ಈ ದಂಡ ಏಕೆ? ಡಿಎಂ ತಪ್ಪಿದರೋ, ನಾನು ಪುಸ್ತಕವನ್ನು ತಪ್ಪಾಗಿ ಓದಿದೆನೋ ತಿಳಿಸಿ.

ಪರದೆಯ_ಹಿಂದಿನವನು:

ನಿಮ್ಮ ಡಿಎಂ ತಪ್ಪಿಲ್ಲ. ನಿಮ್ಮ ಸಿಟ್ಟೂ ತಪ್ಪಲ್ಲ. ಪುಸ್ತಕದ ಕೊನೆಯ ಅನುಬಂಧದಲ್ಲಿ ಇನ್‌ವಿಸಿಬಲ್ ಎಂಬ ಕಂಡೀಷನ್ನಿಗೆ (ಜೀವಿಯ ಸ್ಥಿತಿಗೆ) ಎರಡು ಅಂಶಗಳಿವೆ. ಮಂತ್ರದ ಅಥವಾ ವಿಶೇಷ ಇಂದ್ರಿಯದ ನೆರವಿಲ್ಲದೆ ಆ ಜೀವಿಯನ್ನು ನೋಡುವುದು ಅಸಾಧ್ಯ ಎಂಬುದು ಮೊದಲನೆಯದು. ಅದರ ಮೇಲಿನ ದಾಳಿಗಳಿಗೆ ಡಿಸ್‌ಅಡ್ವಾಂಟೇಜ್, ಅದು ಮಾಡುವ ದಾಳಿಗಳಿಗೆ ಅಡ್ವಾಂಟೇಜ್ (ಎರಡು ದಾಳಗಳಲ್ಲಿ ಹೆಚ್ಚು ಬಂದದ್ದು) ಎಂಬುದು ಎರಡನೆಯದು. ತೊಡಕಿರುವುದು ಈ ಎರಡನೆಯದರಲ್ಲಿ, ಏಕೆಂದರೆ ‘ನೋಡಲಾಗದವರಿಗೆ ಮಾತ್ರ’ ಎಂಬ ಷರತ್ತು ಅಲ್ಲಿ ಇಲ್ಲವೇ ಇಲ್ಲ. ನಿಮ್ಮ ಮಂತ್ರವು ಮೊದಲನೆಯ ಅಂಶವನ್ನು ದಾಟಿಸುತ್ತದೆ, ಆದರೆ ಎದುರಾಳಿಯ ಮೈಮೇಲಿನ ಕಂಡೀಷನ್ನನ್ನು ಕಳಚಿ ಹಾಕುವುದಿಲ್ಲ. ಆದ್ದರಿಂದ ಅಕ್ಷರಶಃ ಓದಿದರೆ ಎರಡನೆಯ ಅಂಶ ಹಾಗೆಯೇ ಉಳಿಯುತ್ತದೆ. ನಿಯಮಗಳ ಮುಖ್ಯ ವಿನ್ಯಾಸಕರಲ್ಲಿ ಒಬ್ಬರಾದ ಜೆರೆಮಿ ಕ್ರಾಫರ್ಡ್ ಕೂಡ ಈ ಓದನ್ನೇ ಎತ್ತಿಹಿಡಿದಿದ್ದರು.

ಏಳನೇ_ಲೆವೆಲ್_ವಿಝಾರ್ಡ್:

ಹಾಗಾದರೆ ಎರಡನೇ ಲೆವೆಲ್ಲಿನ ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಸೀಮಿತ ಅವಕಾಶ) ಖರ್ಚು ಮಾಡಿ ನಾನು ಗಳಿಸಿದ್ದೇನು? ಅವನ ಮುಖದ ದರ್ಶನವೇ?

ಅಕ್ಷರಶಃ:

ದರ್ಶನವಷ್ಟೇ ಅಲ್ಲ. ಮ್ಯಾಜಿಕ್ ಮಿಸೈಲ್‌ಗೆ ಗುರಿ ನಿಮ್ಮ ಕಣ್ಣಿಗೆ ಕಾಣಬೇಕು. ಅದನ್ನು ನೀವು ಅವನ ಮೇಲೆ ಬಿಡಬಹುದಿತ್ತು, ಅದು ತಗಲಿತೇ ಎಂದು ದಾಳ ಉರುಳಿಸುವ ಪ್ರಮೇಯವೇ ಇಲ್ಲ. ಕೌಂಟರ್‌ಸ್ಪೆಲ್ (ಇನ್ನೊಬ್ಬರ ಮಂತ್ರವನ್ನು ತಡೆಯುವ ಮಂತ್ರ) ಹಾಕಲು ಎದುರಾಳಿ ಮಂತ್ರ ಪ್ರಯೋಗಿಸುವುದನ್ನು ಕಾಣಬೇಕು; ಅದೂ ನಿಮಗೆ ಸಾಧ್ಯವಿತ್ತು. ಅವನು ನಿಮ್ಮ ಕೈಯಳತೆಯಿಂದ ದೂರ ಸರಿದರೆ ಆಪರ್ಚುನಿಟಿ ಅಟ್ಯಾಕ್ ಕೂಡ ನಿಮ್ಮ ಪಾಲಿಗೆ ತೆರೆದಿತ್ತು. ನಿಮ್ಮ ಜೊತೆಗಾರರಿಗೆ ಇದ್ಯಾವುದೂ ಇರಲಿಲ್ಲ.

ಇನ್ನೊಂದು ಮಾತು. ಫೇರಿ ಫೈರ್ ಮಂತ್ರದ ವಿವರಣೆಯನ್ನು ತೆರೆದು ನೋಡಿ. ಆ ಬೆಳಕು ಮೆತ್ತಿಕೊಂಡ ಜೀವಿಗೆ ಅದೃಶ್ಯತೆಯ ಲಾಭ ಸಿಗುವುದಿಲ್ಲವೆಂದು ಅಲ್ಲಿ ನೇರವಾಗಿ ಬರೆದಿದ್ದಾರೆ. ಲಾಭವನ್ನು ಕಿತ್ತುಕೊಳ್ಳಬೇಕಾದಾಗ ಹೇಗೆ ಬರೆಯಬೇಕೆಂಬುದು ಬರೆದವರಿಗೆ ಗೊತ್ತಿತ್ತು. ಸೀ ಇನ್‌ವಿಸಿಬಿಲಿಟಿಯಲ್ಲಿ ಆ ವಾಕ್ಯ ಇಲ್ಲ. ಅಲ್ಲದೆ ಕಾಣದ ಗುರಿಗೆ ಹೊಡೆದರೆ ಡಿಸ್‌ಅಡ್ವಾಂಟೇಜ್ ಎಂಬುದು ಯುದ್ಧದ ಅಧ್ಯಾಯದಲ್ಲೇ ಇದೆ. ಎರಡನೆಯ ಅಂಶವೂ ಅದನ್ನೇ ಹೇಳುತ್ತಿದ್ದರೆ ಮತ್ತೊಮ್ಮೆ ಬರೆಯುವ ಅಗತ್ಯ ಏನಿತ್ತು?

ಪರದೆಯ_ಹಿಂದಿನವನು:

ಫೇರಿ ಫೈರ್ ವಾದ ಗಟ್ಟಿಯಾಗಿದೆ, ಒಪ್ಪುತ್ತೇನೆ. ‘ಮತ್ತೊಮ್ಮೆ ಏಕೆ ಬರೆದರು’ ಎಂಬ ವಾದ ಮಾತ್ರ ನಿಲ್ಲುವುದಿಲ್ಲ. ಅದೇ ಅನುಬಂಧದ ಬ್ಲೈಂಡೆಡ್ ಕಂಡೀಷನ್ ನೋಡಿ: ಕುರುಡಾದವನ ದಾಳಿಗೆ ಡಿಸ್‌ಅಡ್ವಾಂಟೇಜ್ ಎಂದು ಅಲ್ಲೂ ಬರೆದಿದ್ದಾರೆ, ಯುದ್ಧದ ಅಧ್ಯಾಯದ ಮಾತನ್ನೇ ಇನ್ನೊಮ್ಮೆ ಹೇಳಿದಂತೆ. ಆಟದ ನಡುವೆ ಪುಟ ತಿರುವುವವರಿಗೆ ಅನುಕೂಲವಾಗಲೆಂದು ಪುಸ್ತಕ ತನ್ನ ಮಾತನ್ನು ತಾನೇ ನೆನಪಿಸುತ್ತದೆ. ಇನ್‌ವಿಸಿಬಲ್ ಕಂಡೀಷನ್ನಿನಲ್ಲೂ ಅದು ನೆನಪೋಲೆಯಷ್ಟೇ ಇರಬಹುದಲ್ಲವೇ?

ನಾನು ಅಕ್ಷರಶಃ ಓದನ್ನು ಕೈಬಿಟ್ಟದ್ದು ಬೇರೆ ಕಾರಣಕ್ಕೆ, ಅದನ್ನು ಈ ವಿಝಾರ್ಡ್ ಅವರ ಅಂಕಿಗಳಲ್ಲೇ ತೋರಿಸುತ್ತೇನೆ. ಬೋನಸ್ 7, ಆರ್ಮರ್ ಕ್ಲಾಸ್ 15 ಎಂದರೆ ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು. ಒಂದೇ ದಾಳವಾದರೆ ಶೇ. 65ರ ಸಾಧ್ಯತೆ, ಡಿಸ್‌ಅಡ್ವಾಂಟೇಜ್ ಇದ್ದರೆ ಸುಮಾರು ಶೇ. 42. ಈಗ ಯಾರೋ ಅಲ್ಲಿ ಫಾಗ್ ಕ್ಲೌಡ್ ಹಾಕಿ ಇಬ್ಬರನ್ನೂ ದಟ್ಟ ಮಂಜಿನಲ್ಲಿ ಮುಳುಗಿಸಿದರು ಎಂದುಕೊಳ್ಳಿ. ವಿಝಾರ್ಡ್‌ಗೆ ಶತ್ರು ಕಾಣುವುದಿಲ್ಲ, ಅದಕ್ಕೆ ಡಿಸ್‌ಅಡ್ವಾಂಟೇಜ್. ಶತ್ರುವಿಗೂ ವಿಝಾರ್ಡ್ ಕಾಣುವುದಿಲ್ಲ, ಅದಕ್ಕೆ ವಿಝಾರ್ಡ್ ದಾಳಿಗೆ ಅಡ್ವಾಂಟೇಜ್. ಎಷ್ಟು ಕಾರಣಗಳಿಂದ ಬಂದಿದ್ದರೂ ಇವೆರಡೂ ಒಂದನ್ನೊಂದು ರದ್ದುಮಾಡುತ್ತವೆ ಎಂಬುದು ನಿಯಮ, ಹಾಗಾಗಿ ಒಂದೇ ದಾಳ. ಅಂದರೆ ಹಾಡಹಗಲಲ್ಲಿ ಶತ್ರುವನ್ನು ಕಣ್ಣಾರೆ ಕಾಣುತ್ತಿರುವವನಿಗೆ ಶೇ. 42, ಏನೂ ಕಾಣದ ಮಂಜಿನಲ್ಲಿ ಅವನ ಸದ್ದು ಹಿಡಿದು ಹೊಡೆಯುವವನಿಗೆ ಶೇ. 65. ಮಂಜಿನ ನಿಯಮವೇ ವಿಚಿತ್ರ ಎನ್ನುವವರಿದ್ದಾರೆ, ಅದು ನಿಜವೂ ಹೌದು. ಆದರೆ ಎರಡು ವಿಚಿತ್ರಗಳನ್ನು ಒಟ್ಟಿಗೆ ಹೊರಲು ನನ್ನ ಮೇಜಿನವರು ಸಿದ್ಧರಿಲ್ಲ.

ವಿಷಯಕ್ಕೆ ಸ್ವಲ್ಪ ಪಕ್ಕದ ಮಾತೊಂದಿದೆ. ನಾವು ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಆಡುವವರು. ‘ಅದೃಶ್ಯ’ ಎಂದಾಗ ಅದು ಆ ಜೀವಿಯ ಗುಣವೆಂಬಂತೆ ಕೇಳುತ್ತದೆ. ‘ಕಾಣುವುದಿಲ್ಲ’ ಎಂದ ಕೂಡಲೇ ‘ಯಾರಿಗೆ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ, ಏಕೆಂದರೆ ಕಾಣುವುದು ಒಬ್ಬರಿಗೆ. ಅಕ್ಷರಶಃ ಅವರು ಮೊದಲನೆಯ ಪದದಿಂದ ಯೋಚಿಸುತ್ತಿದ್ದಾರೆ, ನಾನು ಎರಡನೆಯದರಿಂದ. ನಮ್ಮ ಜಗಳ ಬಹುಪಾಲು ಇಷ್ಟೇ ಇರಬಹುದು.

ಅಕ್ಷರಶಃ:

ಮಂಜಿನ ಲೆಕ್ಕ ನನಗೆ ಹೊಳೆದಿರಲಿಲ್ಲ. ಆದರೂ ನಿಮ್ಮಂತೆ ಓದಿದರೆ ಅದು ಎರಡೂ ಕಡೆಯವರಿಗೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಆಟಗಾರರ ರೋಗ್ (ಕಳ್ಳನಂಥ ಪಾತ್ರ) ಅದೃಶ್ಯನಾಗಿ ಬಂದಾಗ, ಅವನನ್ನು ಕಾಣಬಲ್ಲ ದೈತ್ಯನ ವಿರುದ್ಧ ಅವನ ಅಡ್ವಾಂಟೇಜ್ ಕೂಡ ಹೋಗುತ್ತದೆ. ಆಗ ಯಾರೂ ಮತ್ತೆ ಮುಕ್ಕಾಲು ಗಂಟೆ ವಾದಿಸಕೂಡದು.

ಹಳೆ_ಪುಸ್ತಕ_ಹೊಸ_ದಾಳ:

2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಇದನ್ನು ಸರಿಪಡಿಸಿದ್ದಾರೆ. ಯಾರಾದರೂ ನಿಮ್ಮನ್ನು ಹೇಗಾದರೂ ನೋಡಬಲ್ಲರಾದರೆ ಅವರ ವಿರುದ್ಧ ಈ ಲಾಭ ನಿಮಗಿಲ್ಲ ಎಂಬ ವಾಕ್ಯವನ್ನು ಸೇರಿಸಿದ್ದಾರೆ. ನಿಮ್ಮ 2014ರ ಆಟಕ್ಕೆ ಆ ಒಂದು ವಾಕ್ಯವನ್ನಷ್ಟೇ ಹೌಸ್ ರೂಲ್ (ನಿಮ್ಮ ಮೇಜಿನದೇ ನಿಯಮ) ಆಗಿ ತಂದುಕೊಂಡರೆ ಕೆಲಸ ಮುಗಿಯುತ್ತದೆ. ಅದರ ಜೊತೆಗೆ ಹೊಸ ಪುಸ್ತಕದ ಹೈಡ್ (ಅಡಗುವ) ನಿಯಮವನ್ನು ಮಾತ್ರ ತರಬೇಡಿ. ಅಲ್ಲಿ ಸ್ಟೆಲ್ತ್ (ಸದ್ದಿಲ್ಲದೆ ಅಡಗುವ ಕೌಶಲ) ದಾಳದಲ್ಲಿ ಡಿಸಿ 15, ಅಂದರೆ ಬೇಕಾದ ಕನಿಷ್ಠ ಅಂಕ, ಮುಟ್ಟಿ ಅಡಗಿದವನಿಗೂ ಇನ್‌ವಿಸಿಬಲ್ ಕಂಡೀಷನ್ನೇ ಸಿಗುತ್ತದೆ. ಕಂಬದ ಹಿಂದಿನಿಂದ ಹೊರಬಂದು ನಿಂತವನು ‘ಹೇಗಾದರೂ ಕಂಡ’ ಲೆಕ್ಕಕ್ಕೆ ಬರುತ್ತಾನೆಯೇ, ಸೀ ಇನ್‌ವಿಸಿಬಿಲಿಟಿ ಇದ್ದವರಿಗೆ ಬರಿ ಅಡಗಿ ಕುಳಿತವನೂ ಕಾಣುತ್ತಾನೆಯೇ ಎಂಬ ಚರ್ಚೆಗೆ ಬೇರೆಯೇ ಒಂದು ಭಾನುವಾರ ಬೇಕಾಗುತ್ತದೆ.

ಏಳನೇ_ಲೆವೆಲ್_ವಿಝಾರ್ಡ್:

ಎಲ್ಲರಿಗೂ ಧನ್ಯವಾದಗಳು. ಈ ಚರ್ಚೆಯನ್ನು ನಮ್ಮ ಡಿಎಂಗೆ ಕಳುಹಿಸಿದ್ದೆ. ಫೇರಿ ಫೈರ್ ವಾದಕ್ಕೆ ತಲೆದೂಗಿದರು, ಮಂಜಿನ ಲೆಕ್ಕವನ್ನು ಕಾಗದದ ಮೇಲೆ ತಾವೇ ಎರಡು ಸಲ ಮಾಡಿ ನೋಡಿದರು. ಮುಂದಿನ ಸೆಷನ್ನಿನಿಂದ 2024ರ ಆ ಒಂದು ವಾಕ್ಯ ನಮ್ಮ ಮೇಜಿನಲ್ಲಿ ಜಾರಿಗೆ ಬರುತ್ತದೆ, ಆಟಗಾರರಿಗೂ ಶತ್ರುಗಳಿಗೂ ಸಮನಾಗಿ. ಕಳೆದ ವಾರದ ಫೈರ್ ಬೋಲ್ಟ್ ಮಾತ್ರ ತಪ್ಪಿದ್ದು ತಪ್ಪಿದ್ದೇ, ಮುಗಿದ ದಾಳವನ್ನು ಮತ್ತೆ ಎತ್ತುವುದಿಲ್ಲ ಎಂದಿದ್ದಾರೆ. ಪ್ರಶ್ನೆ ಬಗೆಹರಿದಿದೆ ಎಂದು ಗುರುತು ಹಾಕುತ್ತಿದ್ದೇನೆ.